ಮೊಂಟುದಾ ಅವರ ಒಳ್ಳೆಯ ಹೆಸರು

ಹೆಸರುಗಳು ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಗೋಳಾಡುವವರನ್ನು ಕಂಡರೆ ನನಗೆ ಮರುಕ. ನನಗೆ ಎಲ್ಲರ ಹೆಸರೂ ನೆನಪಿರುತ್ತದೆ. ಯಾವ ಹೆಸರು ಯಾರದು ಎಂಬುದರಲ್ಲಿ ಮಾತ್ರ ಸ್ವಲ್ಪ ತೊಡಕು. ಇದನ್ನು ನನ್ನ ದೋಷವೆಂದು ಒಪ್ಪಿಕೊಳ್ಳಲು ನಾನು ಇಂದಿಗೂ ಸಿದ್ಧನಿಲ್ಲ. ನಾನು ಭೂಗರ್ಭಶಾಸ್ತ್ರದ ಮೇಷ್ಟ್ರು. ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದರೆ ಅದರ ಹೆಸರು, ಕುಲ, ಗೋತ್ರ, ವಯಸ್ಸು ಎಲ್ಲವನ್ನೂ ಹೇಳಿಬಿಡುತ್ತೇನೆ. ಕಲ್ಲುಗಳ ದೊಡ್ಡ ಗುಣವೇನೆಂದರೆ ಅವು ಮನೆಗೊಂದು, ಆಫೀಸಿಗೊಂದು ಎಂದು ಎರಡು ಹೆಸರು ಇಟ್ಟುಕೊಳ್ಳುವುದಿಲ್ಲ. ಇಪ್ಪತ್ತು ವರ್ಷ ಕಲ್ಲುಗಳ ಜೊತೆ ಸಂಸಾರ ಮಾಡಿದವನನ್ನು ತಂದು ಕೋಲ್ಕತ್ತಾದ ಒಂದು ವಸತಿ ಸಮುಚ್ಚಯದಲ್ಲಿ ಬಿಟ್ಟರೆ ಆಗಬಾರದ್ದು ಆಗಿಯೇ ಆಗುತ್ತದೆ.

ಇಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಒಂದು ಭಾಲೋ ನಾಮ್, ಅಂದರೆ ಒಳ್ಳೆಯ ಹೆಸರು. ಅದು ಶಾಲೆಯ ದಾಖಲಾತಿಗೆ, ನೌಕರಿಗೆ, ಮದುವೆಯ ಆಮಂತ್ರಣಕ್ಕೆ. ಅದಕ್ಕೆ ಇಸ್ತ್ರಿ ಮಾಡಿ ಬೀರುವಿನಲ್ಲಿ ಇಟ್ಟಿರುತ್ತಾರೆ. ಇನ್ನೊಂದು ಡಾಕ್ ನಾಮ್, ಅಂದರೆ ಕರೆಯುವ ಹೆಸರು. ತೊಟ್ಟಿಲಲ್ಲಿದ್ದಾಗ ಯಾರೋ ಅತ್ತೆಯೋ ಅಜ್ಜಿಯೋ ಬಾಯಿಗೆ ಬಂದದ್ದನ್ನು ಕರೆದಿರುತ್ತಾರೆ, ಅದು ಸಾಯುವ ತನಕ ಬಿಡುವುದಿಲ್ಲ. ನಮ್ಮ ಟಾಲಿಗಂಜ್ ಸಮುಚ್ಚಯದ ಅಧ್ಯಕ್ಷರು ಬುಡೋದಾ. ಬುಡೋ ಎಂದರೆ ಮುದುಕ; ದಾ ಎಂದರೆ ಅಣ್ಣ, ಹೆಂಗಸರಾದರೆ ದಿ, ಅಕ್ಕ. ಹುಟ್ಟಿದ ವಾರದಿಂದ ಅವರನ್ನು ಮುದುಕ ಎಂದೇ ಕರೆಯುತ್ತ ಬಂದಿದ್ದಾರೆ, ಈಗ ಎಪ್ಪತ್ತೆರಡಾಗಿ ಹೆಸರು ಕೊನೆಗೂ ಮೈಗೆ ಹೊಂದಿಕೊಂಡಿದೆ. ಒಂದನೇ ಮಹಡಿಯ ಹೃದ್ರೋಗ ತಜ್ಞರು ಪೊಟೋಲ್‌ದಾ. ಪೊಟೋಲ್ ಇಲ್ಲಿನ ಒಂದು ತರಕಾರಿ, ನೋಡಲು ನಮ್ಮ ತೊಂಡೆಕಾಯಿಯ ಅಣ್ಣ. ದೊಡ್ಡ ಆಸ್ಪತ್ರೆಯಲ್ಲಿ ಜನ ಕೈಮುಗಿದು ನಿಲ್ಲುವ ಆ ಮನುಷ್ಯನನ್ನು ನಮ್ಮ ಅಂಗಳದಲ್ಲಿ ಮಕ್ಕಳೆಲ್ಲ ‘ಪೊಟೋಲ್ ಜೇಠು’ ಎಂದು, ತರಕಾರಿ ದೊಡ್ಡಪ್ಪನೆಂದು, ಕೂಗುತ್ತವೆ. ಅವರು ಓಗೊಡುತ್ತಾರೆ. ಹನ್ನೊಂದು ವರ್ಷ ಇವರ ನಡುವೆ ಬಾಳಿದ ನನಗೆ ಕರೆಯುವ ಹೆಸರುಗಳು ಬಹುಪಾಲು ಬಾಯಿಪಾಠ. ಒಳ್ಳೆಯ ಹೆಸರುಗಳು ಮಾತ್ರ ಒಂದೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಈ ವರ್ಷ, ದುರ್ಗಾಪೂಜೆಯ ಸಾಂಸ್ಕೃತಿಕ ಕಾರ್ಯಕ್ರಮಗಳ ಪತ್ರವ್ಯವಹಾರ ನನ್ನ ತಲೆಗೆ ಬಂದಾಗ. ಸಭೆಯಲ್ಲಿ ಯಾರೋ, “ಈಮೇಲ್ ಕೆಲಸ ಪ್ರೊಫೆಸರ್ ಮಶಾಯ್‌ಗೆ ಕೊಡಿ, ಅವರು ಬೆಂಗಳೂರಿನವರು” ಎಂದರು. ನಾನು ಮೈಸೂರಿನವನು. ಆದರೆ ಇಲ್ಲಿನವರ ಪಾಲಿಗೆ ಕರ್ನಾಟಕವೆಂದರೆ ಬೆಂಗಳೂರು, ಬೆಂಗಳೂರೆಂದರೆ ಕಂಪ್ಯೂಟರು. ಇಲ್ಲಿನ ನ್ಯೂ ಟೌನಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಸಲ್ಲಬೇಕಾದ ಗೌರವ ನನಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ನಿರಾಕರಿಸಲು ಮನಸ್ಸು ಬರಲಿಲ್ಲ. “ಅದೇನು ಮಹಾ” ಎಂದು ಒಪ್ಪಿಕೊಂಡೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ವಸುಧಾ, “ಅಲ್ಲಾರೀ, ಪ್ರಿಂಟರ್‌ಗೆ ಪೇಪರ್ ಹಾಕೋಕೆ ಮಗಳನ್ನ ಕರೀತೀರಿ, ನಲವತ್ತು ಮನೆ ಮೇಲ್ ನೋಡ್ಕೋತೀರಾ?” ಎಂದಳು. ಪ್ರಿಂಟರು ಬೇರೆ, ಮೇಲು ಬೇರೆ ಎಂದು ಗತ್ತಿನಿಂದ ಹೇಳಿದೆ.

ಈಗ ಮೊಂಟುದಾ ಅವರ ಬಗ್ಗೆ ಹೇಳಬೇಕು. ಅವರು ಮೂರನೇ ಮಹಡಿ, ನಾವು ನಾಲ್ಕನೆಯದು. ಬಂದರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಒಬ್ಬರೇ ಇದ್ದಾರೆ. ನಾವು ಈ ಮನೆಗೆ ಬಂದ ಮೊದಲ ದಿನ ನೀರಿನ ವಾಲ್ವ್ ಎಲ್ಲಿದೆ ಎಂದು ತೋರಿಸಲು ಬಂದವರು ದೋಸೆಯ ವಾಸನೆಗೆ ಕೂತರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯಲ್ಲಿ ದೋಸೆ. ನನಗೆ ಬಂಗಾಳಿ ಕಲಿಸಿದವರು ಅವರೇ. ಹಿಲ್ಸಾ ಮೀನಿನ ಮುಳ್ಳು ಬಿಡಿಸುವುದನ್ನು ಕಲಿಸಲು ಹೋಗಿ, ನಾನು ಸಸ್ಯಾಹಾರಿ ಎಂದು ನೆನಪಾಗಿ, ಪ್ರತಿಸಲವೂ ದುಃಖಿಸುವವರೂ ಅವರೇ. ಊರಿನಿಂದ ಇಷ್ಟು ದೂರದಲ್ಲಿ ನನಗೆ ಅಣ್ಣನೆಂದು ಯಾರಾದರೂ ಇದ್ದರೆ ಅವರೊಬ್ಬರು. ಇದನ್ನು ಅವರಿಗೆ ಒಂದು ಸಲವೂ ಹೇಳಿರಲಿಲ್ಲ, ದೋಸೆ ಹಾಕಿದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಪೂಜೆಗೆ ಒಂದು ತಿಂಗಳಿದ್ದಾಗ ಮೊಂಟುದಾ ದೋಸೆಗೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮಹಡಿಯ ಅಂಕಿಗಳನ್ನೇ ದಿಟ್ಟಿಸಿ ನೋಡುತ್ತ ನಿಲ್ಲುತ್ತಿದ್ದರು. ನಾನು ಮಾತಾಡಿಸಿದರೆ “ಹೂಂ”, “ಇಲ್ಲ”, “ಹೊಟ್ಟೆ ಸರಿಯಿಲ್ಲ” ಇಷ್ಟೇ. ಬಂಗಾಳಿಗಳಲ್ಲಿ ಹೊಟ್ಟೆ ಸರಿಯಿಲ್ಲ ಎನ್ನುವುದು ಗಂಭೀರವಾದ ವಿಷಯ, ಅದನ್ನು ಕೇಳಿದವರು ಕನಿಷ್ಠ ಕಾಲು ಗಂಟೆ ವಿಚಾರಿಸಬೇಕು. ನಾನು ವಿಚಾರಿಸಲು ಬಾಯಿ ತೆರೆಯುವಷ್ಟರಲ್ಲಿ ಮೂರನೇ ಮಹಡಿ ಬಂದುಬಿಡುತ್ತಿತ್ತು. ಮೂರನೆಯ ಭಾನುವಾರ ವಸುಧಾ, “ಹಿಟ್ಟು ಹುಳಿಯಾಗ್ತಾ ಇದೆ, ನೀವೇನೋ ಮಾಡಿದೀರಿ” ಎಂದಳು. ಹಿಟ್ಟು ಹುಳಿಯಾದದ್ದಕ್ಕೂ ನನಗೂ ಏನು ಸಂಬಂಧ ಎಂದು ವಾದಿಸಿದೆನಾದರೂ ಒಳಗೊಳಗೇ ಕಸಿವಿಸಿ ಶುರುವಾಯಿತು. ಆ ದಿನಗಳಲ್ಲಿ ಸಂಜೆ ಕೆಳಗಿನಿಂದ ಯಾರೋ ಮೌತ್ ಆರ್ಗನ್ ಊದುವ ಸದ್ದು ಬರುತ್ತಿತ್ತು. ಒಂದೇ ಹಾಡು, ಒಂದೇ ಕಡೆ ತಪ್ಪು. ಕಿಟಕಿ ಹಾಕಿಕೊಂಡು ಕೂರುತ್ತಿದ್ದೆ.

ಗುಟ್ಟು ಬಿಚ್ಚಿದವರು ಪೊಟೋಲ್‌ದಾ. “ಪ್ರೊಫೆಸರ್ ಮಶಾಯ್, ಇದೇನು ಮಾಡಿದಿರಿ? ಪಾಪ, ಮೊಂಟುದಾ ಮೂರು ಪತ್ರ ಬರೆದರೂ ನೀವು ಒಂದಕ್ಕೂ ಉತ್ತರ ಕೊಡಲಿಲ್ಲವಂತೆ. ಒಂದು ‘ಆಗುವುದಿಲ್ಲ’ ಎಂದಾದರೂ ಬರೆಯಬಾರದೆ?” ಎಂದರು. ನನಗೆ ಮೊಂಟುದಾ ಅವರಿಂದ ಒಂದು ಪತ್ರವೂ ಬಂದಿಲ್ಲವೆಂದು ಆಣೆ ಮಾಡಿದೆ. ಪೊಟೋಲ್‌ದಾ ನನ್ನ ಮುಖವನ್ನು ಎಕ್ಸ್-ರೇ ನೋಡುವಂತೆ ನೋಡಿ, “ಪ್ರಸನ್ನನಾರಾಯಣ ಚಟ್ಟೋಪಾಧ್ಯಾಯ ಅಂದರೆ ಯಾರು ಅಂದುಕೊಂಡಿರಿ?” ಎಂದರು.

ಪ್ರಸನ್ನನಾರಾಯಣ ಚಟ್ಟೋಪಾಧ್ಯಾಯ! ಓಡಿ ಹೋಗಿ ಕಂಪ್ಯೂಟರು ತೆರೆದೆ. ನನ್ನ ಮೇಲ್ ಪಟ್ಟಿಯಲ್ಲಿ ಆ ಹೆಸರೂ ಇರಲಿಲ್ಲ. ಬರೀ ವಿಳಾಸ ತೋರಿಸುತ್ತಿತ್ತು, ಪಿ, ಎನ್, ಸಿ ಎಂಬ ಮೂರಕ್ಷರ, ಅದರ ಬಾಲಕ್ಕೆ ನಾಲ್ಕು ಅಂಕಿ. ವಿಷಯ ಎಂಬಲ್ಲಿ ‘ಒಂದು ವಿನಮ್ರ ಪ್ರಾರ್ಥನೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಯಾವುದೋ ಆಶ್ರಮದ್ದಿರಬೇಕೆಂದು ನಾನೇ ಮೂರನ್ನೂ ತೆರೆಯದೆ ಕಸದ ಬುಟ್ಟಿಗೆ ಸರಿಸಿದ್ದೆ. ಈಗ ತೆಗೆದು ಓದಿದೆ. ಮೊದಲನೆಯದರಲ್ಲಿ, ಸಪ್ತಮಿಯ ಸಂಜೆ ಮೌತ್ ಆರ್ಗನ್ ನುಡಿಸಲು ಹತ್ತು ನಿಮಿಷ ದಯಪಾಲಿಸಬೇಕೆಂದು ಕೋರಿಕೆ. ನೌಕರಿಯ ಗಡಿಬಿಡಿಯಲ್ಲಿ ನಲವತ್ತು ವರ್ಷ ಮುಟ್ಟದಿದ್ದ ವಾದ್ಯವನ್ನು ಈಗ ಮತ್ತೆ ಕೈಗೆತ್ತಿಕೊಂಡಿದ್ದಾರಂತೆ. ಎರಡನೆಯದರಲ್ಲಿ ಹತ್ತು ನಿಮಿಷ ಹೆಚ್ಚಾಯಿತೇನೋ, ಏಳಾದರೂ ಸಾಕು ಎಂದಿತ್ತು. ಮೂರನೆಯದರಲ್ಲಿ ಐದು. ಓದಿ ಮುಗಿಸಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಕಿಟಕಿ ತೆರೆದೆ. ಸಂಜೆ ಆರಾಗಿತ್ತು, ಕೆಳಗಿನಿಂದ ಸದ್ದೇ ಇರಲಿಲ್ಲ.

ಇನ್ನೊಬ್ಬನಾಗಿದ್ದರೆ ಆಗಲೇ ಒಂದು ಮಹಡಿ ಇಳಿದು ಹೋಗಿ ಕ್ಷಮೆ ಕೇಳುತ್ತಿದ್ದ. ನಾನು ಹಾಗೆ ಅವಸರ ಪಡುವವನಲ್ಲ. ಯಾವುದೇ ಸಮಸ್ಯೆಯನ್ನು ಬುಡದಿಂದ ಸರಿಪಡಿಸಬೇಕೆಂಬುದು ನನ್ನ ಸ್ವಭಾವ. ಬುಡವೆಂದರೆ ಮೇಲ್ ಪಟ್ಟಿ. ಅಲ್ಲಿ ವಿಳಾಸದ ಬದಲು ಮನುಷ್ಯರ ನಿಜವಾದ ಹೆಸರು ಕಂಡಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ಇಡೀ ಶನಿವಾರ ಕೂತು ಹುಡುಕಿದೆ. ಸೆಟ್ಟಿಂಗ್‌ಗಳ ಒಳಗಿನ ಸೆಟ್ಟಿಂಗ್‌ನ ಒಳಗೆ ಒಂದು ಪುಟ್ಟ ಚೌಕವಿತ್ತು. ಅದಕ್ಕೆ ಸರಿ ಗುರುತು ಹಾಕಿದರೆ, ವಿಳಾಸಪುಸ್ತಕದಲ್ಲಿ ನಾವು ಯಾರಿಗೆ ಏನು ಹೆಸರು ಬರೆದಿಟ್ಟಿರುತ್ತೇವೋ ಪಟ್ಟಿಯಲ್ಲಿ ಅದೇ ಕಾಣುತ್ತದೆ. ಗುರುತು ಹಾಕಿದೆ. ಮಗಳು ನಿತ್ಯಾಳನ್ನು ಕರೆಯದೆ ಮಾಡಿದ ಮೊದಲ ಕೆಲಸವಾದ್ದರಿಂದ ಕರೆದು ತೋರಿಸಿದೆ. ಅವಳು “ವಾಹ್ ಅಪ್ಪಾ, ಸೋ ಪ್ರೌಡ್” ಎಂದು ಹಿಂದಿ ಸೀರಿಯಲ್ಲಿನ ಅತ್ತೆಯಂತೆ ನನ್ನ ಹಣೆಗೆ ದೃಷ್ಟಿ ತೆಗೆದು ಹೋದಳು.

ಇನ್ನು ಹೆಸರು ತುಂಬುವ ಕೆಲಸ. ಕನ್ನಡದಲ್ಲೇ ತುಂಬಿದೆ, ಹೇಗೂ ನೋಡುವವನು ನಾನೊಬ್ಬನೇ ತಾನೆ. ಮೊದಮೊದಲು ಬರೀ ಹೆಸರು ಹಾಕಿದೆ. ಆಮೇಲೆ, ಇಬ್ಬರು ಬಾಪಿಗಳು, ಮೂವರು ಟುಕುನ್‌ಗಳು ಬಂದಾಗ ಗುರುತಿಗೆ ಏನಾದರೂ ಸೇರಿಸಬೇಕಾಯಿತು. ಒಬ್ಬರು ‘ಬಾಪಿದಾ ಜೋರು ಟೀವಿ’ ಆದರು. ಇನ್ನೊಬ್ಬರು ‘ಬಾಪಿದಾ ಲಿಫ್ಟ್ ಹಿಡಿದು ಹರಟೆ’. ರೀನಾದಿ ‘ಕಚ್ಚುವ ನಾಯಿ ರೀನಾದಿ’ ಆದರು. ಇಲ್ಲಿ ಕಚ್ಚುವುದು ನಾಯಿ ಎಂಬುದು ನನಗಂತೂ ಸ್ಪಷ್ಟವಾಗಿತ್ತು. ಬುಡೋದಾ ‘ಬುಡೋದಾ ಭಾಷಣ’. ಪೊಟೋಲ್‌ದಾ ‘ಪೊಟೋಲ್‌ದಾ ಉಪ್ಪು ತಿನ್ನಬೇಡಿ’. ಹೆಚ್ಚು ಪರಿಚಯವಿಲ್ಲದ ಏಳೆಂಟು ಮಂದಿಗೆ ಬಾಗಿಲ ಮೇಲಿನ ಫಲಕದಲ್ಲಿದ್ದ ಹೆಸರನ್ನೇ ಪೂರ್ತಿಯಾಗಿ ನಕಲು ಮಾಡಿದೆ. ಮೊಂಟುದಾ ಸರದಿ ಬಂದಾಗ ಕೈ ತಡೆಯಿತು. ಅವರ ವಿಷಯದಲ್ಲಿ ತಪ್ಪು ಮಾಡಿದ್ದೇನೆ, ಇಲ್ಲಾದರೂ ಗೌರವ ತೋರಿಸಬೇಕು ಅನ್ನಿಸಿತು. ಮೊದಲೇ ಬರೆದಿದ್ದ ‘ಮೊಂಟುದಾ ದೋಸೆ’ ಎಂಬುದನ್ನು ಅಳಿಸಿ, ‘ಶ್ರೀ ಪ್ರಸನ್ನನಾರಾಯಣ ಚಟ್ಟೋಪಾಧ್ಯಾಯ ಅವರು’ ಎಂದು ಬರೆದೆ. ಓದಿ ನೋಡಿದೆ, ಮನಸ್ಸಿಗೆ ಸಮಾಧಾನವಾಯಿತು.

ನಂತರ ಕಾರ್ಯಕ್ರಮಗಳ ಪಟ್ಟಿ ಮಾಡಿ, ಸಪ್ತಮಿಯ ಸಂಜೆ ಮೊಟ್ಟಮೊದಲು ಮೌತ್ ಆರ್ಗನ್, ಹತ್ತು ನಿಮಿಷ ಎಂದು ಹಾಕಿ, ನಲವತ್ತು ಮನೆಗಳಿಗೂ ಒಟ್ಟಿಗೆ ಕಳಿಸಿದೆ. ಪತ್ರ ಸುಯ್ಯೆಂದು ಹೋಯಿತು. ನಾನು ಕಾಲು ಚಾಚಿ ಕಾಫಿ ಕೇಳಿದೆ.

ಕಾಫಿ ಬರುವ ಮೊದಲು ನಿತ್ಯಾ ಬಂದಳು. ಅವಳ ಕೈಯಲ್ಲಿ ಫೋನು, ಮುಖದಲ್ಲಿ ಬಣ್ಣವಿಲ್ಲ. “ಅಪ್ಪಾ, ವಾಟ್ ಹ್ಯಾವ್ ಯು ಡನ್! ನೀನು ಬರ್ದಿರೋ ನೇಮ್ಸ್ ಎಲ್ಲಾ ಎಲ್ರಿಗೂ ಹೋಗಿದೆ!” ಎಂದಳು. ನನ್ನ ಪುಸ್ತಕದ ಹೆಸರುಗಳು ನನ್ನ ಪುಸ್ತಕದಲ್ಲಿರುತ್ತವೆ, ಬೇರೆಯವರಿಗೆ ಹೇಗೆ ಹೋಗುತ್ತವೆ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅವಳು ತೋರಿಸಿದಳು. ಪತ್ರದ ತಲೆಯ ಮೇಲೆ, ಇದು ಯಾರು ಯಾರಿಗೆ ಬರೆದದ್ದು ಎಂಬ ಸಾಲಿನಲ್ಲಿ, ನಲವತ್ತು ಹೆಸರೂ ನಾನು ಬರೆದಂತೆಯೇ ಸಾಲಾಗಿ ಕೂತಿದ್ದವು. ಕನ್ನಡದಲ್ಲಿದೆಯಲ್ಲ, ಯಾರಿಗೆ ಓದಲು ಬರುತ್ತದೆ ಎಂದೆ. “ಅಪ್ಪಾ, ಫೋನಲ್ಲಿ ಪ್ರೆಸ್ ಮಾಡಿ ಹಿಡ್ಕೊಂಡ್ರೆ ಟ್ರಾನ್ಸ್‌ಲೇಟ್ ಆಗತ್ತೆ. ರೀನಾ ಮಾಶಿ ಆಲ್ರೆಡಿ ಎಲ್ರಿಗೂ ಫಾರ್ವರ್ಡ್ ಮಾಡಿದಾರೆ” ಎಂದಳು. ಅವಳ ರೀನಾ ಚಿಕ್ಕಮ್ಮನೆಂದರೆ ನಮ್ಮ ರೀನಾದಿ, ನಾಯಿಯವರು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಪೆಂಡಾಲಿನ ಬಿದಿರುಗಳ ನಡುವೆ ಏಳೆಂಟು ಜನ ಗುಂಪಾಗಿ ನಿಂತು ಫೋನು ನೋಡುತ್ತಿದ್ದರು. ಅವರಲ್ಲೊಬ್ಬರು ತಲೆಯೆತ್ತಿ ನಮ್ಮ ಮಹಡಿಯತ್ತ ಕೈ ತೋರಿಸಿದರು. ನಾನು ಒಳಗೆ ಬಂದೆ. “ನಾನು ಆಗ್ಲೇ ಹೇಳಿದ್ದೆ” ಎಂದು ವಸುಧಾ ಹೇಳಲಿಲ್ಲ. ಸುಮ್ಮನೆ ಕಾಫಿ ಕೊಟ್ಟಳು. ಅದು ಅದಕ್ಕಿಂತ ಕಷ್ಟ.

ಎಷ್ಟು ಹೊತ್ತು ಅವಿತು ಕೂರುವುದು? ಹಾಲು ತರುವ ನೆಪದಲ್ಲಿ ಇಳಿದೆ. ಮೊದಲು ಸಿಕ್ಕಿದವರು ರೀನಾದಿ. ಅವರು ನಾಯಿಯನ್ನು ಬಿಡುತ್ತಾರೆಂದುಕೊಂಡೆ. “ನನ್ನ ಟಾಮಿ ಕಚ್ಚುತ್ತದೆ ಎಂದು ಹೇಳುವ ಧೈರ್ಯ ಇಷ್ಟು ವರ್ಷಕ್ಕೆ ನಿಮಗೊಬ್ಬರಿಗೆ ಬಂತು” ಎಂದು ಬಿದ್ದು ಬಿದ್ದು ನಕ್ಕರು. ಜೋರು ಟೀವಿಯ ಬಾಪಿದಾ ಲಿಫ್ಟ್ ಹರಟೆಯ ಬಾಪಿದಾರನ್ನು ಹೊಸ ಹೆಸರಿನಿಂದಲೇ ಕರೆದು ಚಹಾ ಕುಡಿಸುತ್ತಿದ್ದರು. ಬುಡೋದಾ ತಮ್ಮ ಭಾಷಣದ ಖ್ಯಾತಿ ಕನ್ನಡಕ್ಕೂ ಮುಟ್ಟಿದ್ದಕ್ಕೆ ನನ್ನ ಬೆನ್ನು ತಟ್ಟಿದರು. ಹುಟ್ಟಿದಂದಿನಿಂದ ತರಕಾರಿ, ಮುದುಕ ಎಂದೆಲ್ಲ ಕರೆಸಿಕೊಂಡವರಿಗೆ ನನ್ನ ಹೆಸರುಗಳು ಯಾವ ಲೆಕ್ಕ? ನನ್ನ ಎದೆ ಮತ್ತೆ ಉಬ್ಬತೊಡಗಿತು. ಅಷ್ಟರಲ್ಲಿ ಫಲಕ ನೋಡಿ ಹೆಸರು ನಕಲು ಮಾಡಿದ್ದೆನಲ್ಲ, ಆ ಏಳೆಂಟು ಮಂದಿ ಒಟ್ಟಾಗಿ ಬಂದರು. ಸಿಟ್ಟಾಗಿದ್ದವರು ಅವರು! ಅವರ ಪರವಾಗಿ ಒಬ್ಬ ಸಣಕಲು ಮಹಾಶಯರು, “ಹನ್ನೊಂದು ವರ್ಷ ಒಂದೇ ನೀರಿನ ಟ್ಯಾಂಕಿನ ನೀರು ಕುಡಿದಿದ್ದೇವೆ. ನನಗೆ ನೀವು ಕೊಟ್ಟದ್ದು ಸುಬ್ರತ ಕುಮಾರ ದತ್ತ? ನನ್ನ ಬಗ್ಗೆ ನಿಮಗೆ ಏನೂ ಅನ್ನಿಸಿಯೇ ಇಲ್ಲವೆ?” ಎಂದು ಕೇಳಿದರು. ಆಗ ನನ್ನ ಕೈಲಿದ್ದ ಹಾಲಿನ ಪ್ಯಾಕೆಟ್ಟು ತಣ್ಣಗೆ ಕೊರೆಯಿತು. ಏಕೆಂದರೆ ಆ ಪಟ್ಟಿಯಲ್ಲಿ ಎಲ್ಲರಿಗಿಂತ ಉದ್ದವಾದ, ಶ್ರೀಕಾರ ಸಹಿತವಾದ, ಅಪರಿಚಿತವಾದ ಹೆಸರು ಇನ್ನೊಬ್ಬರದಿತ್ತು.

ಮನೆಗೆ ಬಂದು ನೋಡಿದರೆ ಪತ್ರ ಬಂದಿತ್ತು. ನನ್ನ ಪಟ್ಟಿಯಲ್ಲಿ ಈಗ ಅದು ‘ಶ್ರೀ ಪ್ರಸನ್ನನಾರಾಯಣ ಚಟ್ಟೋಪಾಧ್ಯಾಯ ಅವರು’ ಎಂಬ ಹೆಸರಿನಿಂದಲೇ ಚೆನ್ನಾಗಿ ಕಾಣುತ್ತಿತ್ತು. ಒಂದೇ ಸಾಲು. ಅನಾರೋಗ್ಯದ ನಿಮಿತ್ತ ಸಪ್ತಮಿಯ ಕಾರ್ಯಕ್ರಮದಿಂದ ತಮ್ಮ ಹೆಸರನ್ನು ಕೈಬಿಡಬೇಕು.

ಈ ಸಲ ಯಾವ ಬುಡವನ್ನೂ ಹುಡುಕಲಿಲ್ಲ, ಮೆಟ್ಟಿಲಿಳಿದು ಗಂಟೆ ಒತ್ತಿದೆ. ಬಾಗಿಲು ತೆರೆದ ಮೊಂಟುದಾ, “ಬನ್ನಿ” ಎಂದರು. ಎಂದೂ ಹಾಗೆ ಅಂದವರಲ್ಲ, “ಬಾರೋ, ಬಾಗಿಲಲ್ಲಿ ಏನು ನಿಂತೆ” ಎಂದು ಬೈಯುವವರು. ಮೇಜಿನ ಮೇಲೆ ಮೌತ್ ಆರ್ಗನ್ನು ಡಬ್ಬಿಯೊಳಗೆ ಮುಚ್ಚಿಟ್ಟಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆಶ್ರಮವೆಂದುಕೊಂಡದ್ದು, ಕಸದ ಬುಟ್ಟಿ, ಸೆಟ್ಟಿಂಗು, ಅಳಿಸಿದ ದೋಸೆ, ಎಲ್ಲ. ಕೊನೆಗೆ, “ನನಗೆ ಇಲ್ಲಿ ಅಣ್ಣ ಅಂತ ಇರೋದು ನೀವೊಬ್ಬರೇ” ಎಂದೂ ಹೇಳಿಬಿಟ್ಟೆ. ಬಂಗಾಳಿಯಲ್ಲಿ ಹೇಳಿದೆನೋ ಕನ್ನಡದಲ್ಲಿ ಹೇಳಿದೆನೋ ಈಗ ನೆನಪಿಲ್ಲ. ಅವರು ಕನ್ನಡಕ ಒರೆಸಿಕೊಂಡರು. ನಾನು ಧೈರ್ಯ ತಂದುಕೊಂಡು, “ಆದರೆ ಮೊಂಟುದಾ, ಪತ್ರ ಯಾಕೆ ಬರೆದಿರಿ? ಭಾನುವಾರ ದೋಸೆ ತಿನ್ನುವಾಗ ಕೇಳಿದ್ದರೆ ಆಗುತ್ತಿತ್ತಲ್ಲ? ಅದೂ ಆ ಹೆಸರು ಹಾಕಿ?” ಎಂದು ತಪ್ಪನ್ನು ಸ್ವಲ್ಪ ಅವರ ಕಡೆಗೂ ಸರಿಸಿ ನೋಡಿದೆ.

ಮೊಂಟುದಾ ತಮ್ಮ ಟ್ಯಾಬ್ಲೆಟ್ಟನ್ನು ತಂದು ನನ್ನ ಮುಂದಿಟ್ಟರು. ಅವರ ಮೇಲ್ ಪಟ್ಟಿಯಲ್ಲಿ ನಾನು ಕಳಿಸಿದ ಪತ್ರಗಳು ಒಂದರ ಕೆಳಗೊಂದು ಇದ್ದವು. ಪ್ರತಿಯೊಂದರ ಮೇಲೂ ಕಳಿಸಿದವರ ಹೆಸರು: ‘ಪ್ರೊ. ಡಾ. ಎಸ್. ಶ್ರೀಕಂಠಮೂರ್ತಿ, ಎಂ.ಎಸ್ಸಿ., ಪಿಎಚ್.ಡಿ.’ ಇದನ್ನು ಯಾವ ಯಂತ್ರವೂ ಬರೆದಿರಲಿಲ್ಲ. ಖಾತೆ ತೆರೆದ ದಿನ ನಾನೇ ನನ್ನ ಕೈಯಾರೆ, ಒಂದು ಚುಕ್ಕಿಯನ್ನೂ ಬಿಡದೆ, ತುಂಬಿದ್ದು.

“ನೋಡು,” ಎಂದರು ಮೊಂಟುದಾ. ಏಕವಚನ ಮರಳಿದ್ದಕ್ಕೆ ನನ್ನ ಜೀವ ಮರಳಿತು. “ಮೇಲಿನ ಮನೆಯಲ್ಲಿ ದೋಸೆ ಹಾಕಿ ಬಡಿಸುವ ಒಬ್ಬ ಇದ್ದಾನೆ. ಅವನ ಹತ್ತಿರ ಏನು ಬೇಕಾದರೂ ಬಾಯಿಬಿಟ್ಟು ಕೇಳುತ್ತೇನೆ. ಆದರೆ ಪೂಜೆಯ ಪತ್ರ ಅವನಿಂದ ಬರಲಿಲ್ಲ, ಇವರಿಂದ ಬಂತು. ಇವರಿಗೆ ಅರ್ಜಿ ಹಾಕಬೇಕು. ಅರ್ಜಿಯ ಕೆಳಗೆ ಯಾರಾದರೂ ಮೊಂಟು ಎಂದು ಸಹಿ ಮಾಡುತ್ತಾರೇನೋ?”

ಮೊಂಟುದಾ ಡಬ್ಬಿ ತೆರೆದು ಮೌತ್ ಆರ್ಗನ್ನನ್ನು ಕೈಗೆತ್ತಿಕೊಂಡು, ಒಂದು ಷರತ್ತಿನ ಮೇಲೆ ನುಡಿಸುತ್ತೇನೆ ಎಂದರು. ನನ್ನ ಡಾಕ್ ನಾಮ್ ಹೇಳಬೇಕು. ನಮ್ಮಲ್ಲಿ ಹಾಗೆಲ್ಲ ಇರುವುದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. “ನಿನ್ನ ತಾಯಿ ನಿನ್ನನ್ನು ಊಟಕ್ಕೆ ಕರೆಯುವಾಗ ಡಾಕ್ಟರ್ ಶ್ರೀಕಂಠಮೂರ್ತಿ ಎನ್ನುತ್ತಿದ್ದರೆ?” ಎಂದರು. ಐವತ್ತೈದು ವರ್ಷದ, ಬಕ್ಕತಲೆಯ, ದೇಶದ ಮೂರು ಪರ್ವತಶ್ರೇಣಿಗಳ ಬಗ್ಗೆ ಪ್ರಬಂಧ ಬರೆದ ನಾನು, ಅಮ್ಮ ಹೋದಮೇಲೆ ಯಾರೂ ಕರೆಯದ ಆ ಹೆಸರನ್ನು ಮೆಲ್ಲಗೆ ಹೇಳಿದೆ: “ಪಾಪಣ್ಣಿ.” ಅವರು ಎರಡು ಸಲ ಅಂದು ನೋಡಿ, ಬಾಯಿಗೆ ಚೆನ್ನಾಗಿದೆ ಎಂದರು. ಅಲ್ಲೇ ಅವರ ಎದುರಿಗೇ ನನ್ನ ಫೋನು ತೆಗೆದು, ಚುಕ್ಕಿಗಳನ್ನೆಲ್ಲ ಅಳಿಸಿ, ಕಳಿಸುವವರ ಹೆಸರು ಎಂಬಲ್ಲಿ ಇಂಗ್ಲಿಷಿನಲ್ಲಿ ಪಾಪಣ್ಣಿ ಎಂದು ತುಂಬಿದೆ.

ಸಪ್ತಮಿಯ ಸಂಜೆ ಮೊಂಟುದಾ ಹತ್ತು ನಿಮಿಷಕ್ಕೆಂದು ವೇದಿಕೆ ಹತ್ತಿ ಇಪ್ಪತ್ತೆರಡು ನಿಮಿಷ ನುಡಿಸಿದರು. ತಪ್ಪು ಅದೇ ಜಾಗದಲ್ಲಿ ಬಂತು, ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಭಾನುವಾರ ಐದು ದೋಸೆ ತಿಂದರು.

ಆದರೆ ‘ಕಳಿಸುವವರು’ ಎಂಬಲ್ಲಿ ಹೆಸರು ಬದಲಿಸಿದರೆ ಮೊಂಟುದಾ ಒಬ್ಬರಿಗಲ್ಲ, ಜಗತ್ತಿಗೆಲ್ಲ ಅದೇ ಹೆಸರು ಹೋಗುತ್ತದೆ ಎಂಬುದು ಇಷ್ಟು ತಿಳಿದ ನನಗೆ ಹೊಳೆದಿರಲಿಲ್ಲ. ರಜೆ ಮುಗಿದ ದಿನ ನನ್ನ ಆರು ಜನ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಖಾರವಾದ ಪತ್ರ ಬರೆದೆ. ವರದಿಗಳು ತಡವಾಗುತ್ತಿವೆ, ಶಿಸ್ತು ಎಂಬುದು ಇಲ್ಲ, ಇದನ್ನು ಅಂತಿಮ ಎಚ್ಚರಿಕೆ ಎಂದು ತಿಳಿಯತಕ್ಕದ್ದು. ಅದು ಪಾಪಣ್ಣಿಯಿಂದ ಹೋಗಿತ್ತು. ಪ್ರೊ. ಡಾ. ಶ್ರೀಕಂಠಮೂರ್ತಿ ಎಂ.ಎಸ್ಸಿ., ಪಿಎಚ್.ಡಿ. ಇಂಥ ಎಚ್ಚರಿಕೆಗಳನ್ನು ವರ್ಷಕ್ಕೆ ನಾಲ್ಕು ಸಲ ಕೊಡುತ್ತ ಬಂದಿದ್ದಾರೆ, ಇವತ್ತಿನವರೆಗೆ ಒಬ್ಬ ವಿದ್ಯಾರ್ಥಿಯೂ ಉತ್ತರ ಬರೆದದ್ದಿಲ್ಲ. ಪಾಪಣ್ಣಿಗೆ ಅರ್ಧ ಗಂಟೆಯೊಳಗೆ ಆರೂ ಜನರ ಉತ್ತರ ಬಂತು, ವರದಿಯ ಸಮೇತ.